ಕರದಂಟು ಹಂಚಿದ ಮೇಲೆ ಹಾಕಿದ ಪ್ಲೇಟು

ಸ್ಟಾಫ್ ರೂಮಿನಲ್ಲಿ ಅಮೀನಗಡ ಕರದಂಟು ಹಂಚಿ ಎರಡು ದಿನ ಆಗಿತ್ತು. "ಮೇಡಮ್ಮಾರು ವೈರಸ್ ಹಿಡದಾರಂತ" ಅಂತ ಕೆಮಿಸ್ಟ್ರಿಯವರಿಂದ ಹಿಡಿದು ಆಫೀಸಿನ ಗುಮಾಸ್ತರವರೆಗೆ ಎಲ್ಲರೂ ತಿಂದು ಶಹಬ್ಬಾಸ್ ಅಂದಿದ್ದರು. ಮೂರನೇ ದಿನ ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿಯೊಬ್ಬಳು ನಾನು ವೈರಸ್ ಹಿಡಿದ ಆ ಪ್ಲೇಟನ್ನು, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯನ್ನು, ಕಿಟಕಿಯ ಬೆಳಕಿಗೆ ಹಿಡಿದು ಕೇಳಿದಳು: "ಮೇಡಂ, ಗಟಾರದ ನೀರು ಹಾಕದ ಪ್ಲೇಟಿನಾಗೂ ಹಿಂಗ ತೂತು ಬಿದ್ದಾವೇನ್ರಿ?"

ಅಂಥ ಪ್ಲೇಟನ್ನು ನಾನು ಹಾಕಿರಲೇ ಇಲ್ಲ.

ನಾನು ಬಾಗಲಕೋಟೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕಲಿಸುತ್ತೇನೆ. ಸಂಶೋಧನೆ ಅಂದರೆ ಬೆಂಗಳೂರು, ಪುಣೆ, ದೊಡ್ಡ ದೊಡ್ಡ ಮಷೀನು ಅಂತ ನಾನೂ ಅಂದುಕೊಂಡವಳೇ. ಈ ಗಟಾರದ ಕೆಲಸಕ್ಕೆ ಇಳಿದದ್ದು ನಮ್ಮ ಅತ್ತೆಯವರ ಒಂದು ರಿಪೋರ್ಟಿನಿಂದ. ಅವರಿಗೆ ಮೂತ್ರದ ಸೋಂಕು ಮೇಲಿಂದ ಮೇಲೆ ಬರುತ್ತಿತ್ತು. ಕಲ್ಚರ್ ಮಾಡಿಸಿದೆವು, ಅಂದರೆ ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ಅದು ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆ. ರಿಪೋರ್ಟಿನಲ್ಲಿ ಔಷಧಗಳ ಉದ್ದನೆಯ ಪಟ್ಟಿ, ಬಹುತೇಕ ಹೆಸರುಗಳ ಮುಂದೆ 'ಆರ್', ಅಂದರೆ ಈ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ. ಬಗ್ಗುತ್ತದೆ ಅನ್ನುವ 'ಎಸ್' ಎರಡೇ ಎರಡು ಇದ್ದವು. ಎರಡೂ ಇಂಜೆಕ್ಷನ್. ಅವರು ಗುಣವಾದರು. ಆದರೆ ಕ್ಲಾಸಿನಲ್ಲಿ ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದದ್ದನ್ನು ಮನೆಯ ಕಾಗದದ ಮೇಲೆ ನೋಡಿದಾಗ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು.

ಬ್ಯಾಕ್ಟೀರಿಯಾಕ್ಕೂ ರೋಗ ಬರುತ್ತದೆ. ಅದನ್ನು ತರುವ ವೈರಸ್ಸಿಗೆ ಬ್ಯಾಕ್ಟೀರಿಯೋಫೇಜ್ ಅನ್ನುತ್ತಾರೆ, ನಾವು ಸುಮ್ನೆ ಫೇಜ್ ಅನ್ನುತ್ತೇವೆ. 1896ರಲ್ಲಿ ಆಗ್ರಾದಲ್ಲಿದ್ದ ಹ್ಯಾಂಕಿನ್ ಅನ್ನುವವರು ಗಂಗೆ, ಯಮುನೆಯ ನೀರಿನಲ್ಲಿ ಕಾಲರಾ ರೋಗಾಣು ಸಾಯುತ್ತದೆ, ನೀರನ್ನು ಕುದಿಸಿದರೆ ಆ ಗುಣ ಹೋಗಿಬಿಡುತ್ತದೆ ಅಂತ ಬರೆದರು. ಯಾಕೆ ಅಂತ ಅವರಿಗೆ ಗೊತ್ತಾಗಲಿಲ್ಲ. 1915ರಲ್ಲಿ ಇಂಗ್ಲೆಂಡಿನ ಟ್ವಾರ್ಟ್, 1917ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಡೆರೆಲ್, ಬ್ಯಾಕ್ಟೀರಿಯಾವನ್ನು ತಿಂದುಹಾಕುವ ಈ ಅದೃಶ್ಯ ಜೀವಿಯನ್ನು ಬೇರೆ ಬೇರೆಯಾಗಿ ಕಂಡರು. ಫೇಜ್ ಎಂಬ ಹೆಸರು ಡೆರೆಲ್ ಇಟ್ಟದ್ದು.

ಅದೃಶ್ಯ ಅಂದೆ. ನಾವು ನೋಡುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಟಿ4 ಎಂಬ ದೊಡ್ಡ ಫೇಜ್ ಕೂಡ ಬಾಲ ಸೇರಿಸಿ ಸುಮಾರು 200 ನ್ಯಾನೋಮೀಟರ್, ಅಷ್ಟೇ. ಹಾಗಾಗಿ ನಮ್ಮ ಕಾಲೇಜಿನ ಮೈಕ್ರೋಸ್ಕೋಪು ಎಷ್ಟು ಒಳ್ಳೆಯದಿದ್ದರೂ ಅದು ಕಾಣುವುದಿಲ್ಲ. ಇದು ಲೆನ್ಸಿನ ತಪ್ಪಲ್ಲ, ಬೆಳಕಿನ ಗುಣವೇ ಅದು. ಆದರೆ ಅದು ಮಾಡಿದ ತೂತು ಬರಿಗಣ್ಣಿಗೆ ಕಾಣುತ್ತದೆ. ಒಂದು ಫೇಜ್ ಒಂದು ಬ್ಯಾಕ್ಟೀರಿಯಾದೊಳಗೆ ಹೊಕ್ಕರೆ ಸುಮಾರು ಅರ್ಧ ತಾಸಿನಲ್ಲಿ ಅದನ್ನು ಒಡೆದು ನೂರರ ಆಸುಪಾಸು ಫೇಜ್‌ಗಳು ಹೊರಗೆ ಬೀಳುತ್ತವೆ. ಆ ನೂರು ಮತ್ತೆ ನೂರನ್ನು ಹುಡುಕುತ್ತವೆ. ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಲೆಕ್ಕದ ಪ್ರಕಾರ ಹತ್ತು ಕೋಟಿ! ಮಂಜು ಕವಿದ ಗಾಜಿನಂತೆ ಪ್ಲೇಟಿನ ತುಂಬಾ ಬೆಳೆದ ಬ್ಯಾಕ್ಟೀರಿಯಾದ ನಡುವೆ ದುಂಡಗೆ ಒಂದು ಸ್ವಚ್ಛ ಜಾಗ ಉಳಿಯುತ್ತದೆ. ಅದೇ ಪ್ಲಾಕ್.

ಕೆಲಸ ಹೇಳಲು ಸುಲಭ. ಕೆಳಗೆ ಗಟ್ಟಿ ಅಗರ್, ಅಂದರೆ ಬ್ಯಾಕ್ಟೀರಿಯಾ ಬೆಳೆಯುವ ಜೆಲ್ಲಿಯಂಥ ಪದರ. ಅದರ ಮೇಲೆ ತೆಳ್ಳನೆಯ, ಅರೆಗಟ್ಟಿ ಅಗರ್. ಅದರಲ್ಲಿ ಒಂದಿಷ್ಟು ಬ್ಯಾಕ್ಟೀರಿಯಾ, ಒಂದಿಷ್ಟು ಫೇಜ್ ಇರುವ ನೀರು ಬೆರೆಸಿ ಸುರಿಯಬೇಕು. ನಾವು ಬಳಸಿದ್ದು ಲ್ಯಾಬಿನಲ್ಲಿ ಸಾಕಿದ, ನಿರುಪದ್ರವಿ ಇ. ಕೋಲಿ, ಅದು ಕರುಳಿನಲ್ಲಿರುವ ಜಾತಿಯ ಬ್ಯಾಕ್ಟೀರಿಯಾ. ಕಷ್ಟ ಇರುವುದು ಈ ಮೇಲಿನ ಪದರದಲ್ಲಿ. ಅದು 45 ಡಿಗ್ರಿಯ ಸುತ್ತಮುತ್ತ ಇರಬೇಕು. ಜಾಸ್ತಿ ಬಿಸಿಯಾದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಕಡಿಮೆಯಾದರೆ ಸುರಿಯುವಾಗಲೇ ಗಟ್ಟಿಯಾಗಿ, ಕೆಟ್ಟ ಉಪ್ಪಿಟ್ಟಿನಂತೆ ಗಂಟು ಗಂಟು. ಟ್ಯೂಬುಗಳನ್ನು ಒಂದೇ ಬಿಸಿಯಲ್ಲಿ ಇಡುವ ನಮ್ಮ ವಾಟರ್ ಬಾತ್ ಕೆಟ್ಟು ಎರಡು ವರ್ಷವಾಗಿತ್ತು. ಕಾಕಾ, ಅಂದರೆ ನಮ್ಮ ಅಟೆಂಡರು, ಬಕೆಟ್ಟಿನಲ್ಲಿ ಬಿಸಿನೀರು ತಂದು ಥರ್ಮಾಮೀಟರ್ ಹಿಡಿದು ಕೂತರು. ನಾನು ಟ್ಯೂಬನ್ನು ಮುಂಗೈಗೆ ಮುಟ್ಟಿಸಿ ನೋಡುತ್ತಿದ್ದೆ, ಕೂಸಿನ ಹಾಲಿನ ಬಾಟಲಿ ನೋಡುವ ಹಾಗೆ. ನಾಲ್ಕೈದು ದಿನದಲ್ಲಿ ಥರ್ಮಾಮೀಟರಿಗಿಂತ ಮುಂಗೈಯೇ ಬೇಗ ಹೇಳತೊಡಗಿತು. ಒತ್ತಡದ ಹಬೆಯಿಂದ ಸಾಮಾನಿನ ಮೇಲಿನ ರೋಗಾಣು ಕೊಲ್ಲುವ ಆಟೋಕ್ಲೇವ್ ಕೈಕೊಟ್ಟ ದಿನ ನನ್ನ ಹಳೆಯ ಪ್ರೆಶರ್ ಕುಕ್ಕರ್ ತಂದಿಟ್ಟೆ. ಒತ್ತಡ 15 ಪೌಂಡ್ ಮುಟ್ಟಿದರೆ ಒಳಗೆ 121 ಡಿಗ್ರಿ. ಕುಕ್ಕರಿನ ಸೀಟಿಗೂ ಆಟೋಕ್ಲೇವಿಗೂ ಫಿಸಿಕ್ಸ್ ಒಂದೇ. ಆ ಕುಕ್ಕರ್ ಮತ್ತೆ ಮನೆಗೆ ಬರಲಿಲ್ಲ, ಅತ್ತೆ ಬಿಡಲಿಲ್ಲ.

ಈಗ ತೂತಿನ ಕಥೆ. ಗಟಾರದ ನೀರಿನಲ್ಲಿ ನೂರೆಂಟು ಬ್ಯಾಕ್ಟೀರಿಯಾ ಇರುತ್ತವೆ, ಅವನ್ನು ತೆಗೆದು ಫೇಜ್ ಮಾತ್ರ ಉಳಿಸಿಕೊಳ್ಳಬೇಕು. 0.22 ಮೈಕ್ರಾನಿನ ಫಿಲ್ಟರ್ ಇದ್ದರೆ ಕೆಲಸ ಹಗುರ. ನಮ್ಮಲ್ಲಿ ಮುಗಿದಿತ್ತು. ಅದಕ್ಕೆ ಇನ್ನೊಂದು ಹಳೆಯ ದಾರಿ ಹಿಡಿದೆ. ನೀರಿಗೆ ಸ್ವಲ್ಪ ಕ್ಲೋರೋಫಾರ್ಮ್ ಹಾಕಿ ಅಲುಗಾಡಿಸುವುದು. ಬ್ಯಾಕ್ಟೀರಿಯಾ ಸಾಯುತ್ತದೆ, ಹೆಚ್ಚಿನ ಫೇಜ್‌ಗಳಿಗೆ ಏನೂ ಆಗುವುದಿಲ್ಲ. ಕ್ಲೋರೋಫಾರ್ಮ್ ನೀರಿಗಿಂತ ಭಾರ, ತಳಕ್ಕೆ ಕೂರುತ್ತದೆ. ನಾನು ಅವಸರದಲ್ಲಿ ಪಿಪೆಟ್ಟನ್ನು, ಅಂದರೆ ದ್ರವ ಹೀರಿ ತೆಗೆಯುವ ಕೊಳವೆಯನ್ನು, ತಳದವರೆಗೆ ಇಳಿಸಿದ್ದೆ. ಪ್ಲೇಟಿಗೆ ಹೋದದ್ದು ಕ್ಲೋರೋಫಾರ್ಮಿನ ಸಣ್ಣ ಸಣ್ಣ ಹನಿ. ಹನಿ ಬಿದ್ದಲ್ಲೆಲ್ಲ ಬ್ಯಾಕ್ಟೀರಿಯಾ ಸತ್ತು ದುಂಡನೆಯ, ಕನ್ನಡಿಯಂಥ ತೂತು. ಎಷ್ಟು ಚೆಂದ ಇದ್ದವು ಗೊತ್ತಾ!

ಆ ಹುಡುಗಿ ಕೇಳಿದ ಸಂಜೆಯೇ ಮೂರು ಪ್ಲೇಟು ಹಾಕಿದೆವು. ಒಂದಕ್ಕೆ ಬರೀ ಬ್ಯಾಕ್ಟೀರಿಯಾ. ಇನ್ನೊಂದಕ್ಕೆ ಗಟಾರದ ನೀರಿನ ಬದಲು ಶುದ್ಧ ಬ್ರಾತ್ (ಬ್ಯಾಕ್ಟೀರಿಯಾದ ನೀರಾದ ಆಹಾರ), ಜೊತೆಗೆ ಅದೇ ಕ್ಲೋರೋಫಾರ್ಮ್, ಅದೇ ಅವಸರದ ಪಿಪೆಟ್ಟು. ಮೂರನೆಯದಕ್ಕೆ ನನ್ನ ಹೆಮ್ಮೆಯ ತೂತಿನಿಂದ ಕಡ್ಡಿಯಲ್ಲಿ ಚುಚ್ಚಿ ತೆಗೆದು ಬ್ರಾತಿನಲ್ಲಿ ತೆಳುಮಾಡಿದ್ದು. ಮರುದಿನ ಮೊದಲನೆಯದು ಒಂದೇ ಸಮ ಮಂಜು. ಎರಡನೆಯದರಲ್ಲಿ ತೂತೇ ತೂತು. ಮೂರನೆಯದರಲ್ಲಿ ಒಂದೂ ಇಲ್ಲ. ನಿಜವಾದ ಫೇಜ್ ಆಗಿದ್ದರೆ ಆ ಒಂದು ಚುಚ್ಚಿನಲ್ಲೇ ಲಕ್ಷಗಟ್ಟಲೆ ಇದ್ದು ಹೊಸ ಪ್ಲೇಟಿನಲ್ಲಿ ಮತ್ತೆ ಬೆಳೆಯಬೇಕಿತ್ತು. ವಿಷ ತೆಳುವಾದರೆ ಕರಗಿಹೋಗುತ್ತದೆ. ಜೀವ ಇರುವುದು ತೆಳುವಾದರೂ ಮತ್ತೆ ಹೆಚ್ಚುತ್ತದೆ. ಡೆರೆಲ್ ಕೂಡ ಇದು ರಾಸಾಯನಿಕವಲ್ಲ, ಸಂತಾನ ಬೆಳೆಸುವ ಕಣ ಅಂತ ವಾದಿಸಿದ್ದು ಇದೇ ನೆಲೆಯ ಮೇಲೆ. ನಾನು ಅದನ್ನು ಪಾಠದಲ್ಲಿ ಹೇಳಿದ್ದೆ, ಕೈಯಲ್ಲಿ ಮಾಡಿರಲಿಲ್ಲ.

ಸ್ಟಾಫ್ ರೂಮಿಗೆ ಹೋಗಿ ವಿಷಯ ಹೇಳಿದೆ. "ಕರದಂಟು ವಾಪಸ್ ಕೊಡಾಂಗಿಲ್ಲರಿ" ಅಂದರು ಕೆಮಿಸ್ಟ್ರಿಯವರು.

ಆಮೇಲೆ ಅಲುಗಾಡಿಸಿದ ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ, ಮೇಲಿನ ನೀರನ್ನಷ್ಟೇ ತೆಗೆದು, ಬಾಯಿ ತೆರೆದಿಟ್ಟು ಉಳಿದ ವಾಸನೆ ಹೋಗುವವರೆಗೆ ಕಾದು ಹಾಕಿದೆವು. ಈ ಸಲ ಮೂರು ಕಡೆಯ ನೀರು: ಹಳೆ ಬಾಗಲಕೋಟೆಯ ಒಂದು ಗಟಾರ, ಊರ ಹತ್ತಿರದ ಘಟಪ್ರಭೆಯ ಹಿನ್ನೀರು, ಸಂಕ್ರಾಂತಿಗೆ ಹೋದವರು ಕೂಡಲಸಂಗಮದಿಂದ ಬಾಟಲಿಯಲ್ಲಿ ತಂದುಕೊಟ್ಟದ್ದು. ಗಟಾರದ ಪ್ಲೇಟು ಜರಡಿಯಾಗಿತ್ತು, ಎಣಿಸಲು ಬರಲಿಲ್ಲ. ಸಾವಿರ ಪಟ್ಟು ತೆಳುಮಾಡಿದ ಮೇಲೆ ಎಣಿಕೆಗೆ ಸಿಕ್ಕಿತು. ಹಿನ್ನೀರಿನದರಲ್ಲಿ ನಾಲ್ಕು, ಸಂಗಮದ್ದರಲ್ಲಿ ಏಳು. ಗಟಾರದ ನೀರನ್ನೇ ಕುದಿಸಿ ಆರಿಸಿ ಹಾಕಿದ ಪ್ಲೇಟು, ಹ್ಯಾಂಕಿನ್ನರ ನೆನಪಿಗೆ ಅಂತಲೇ ಮಾಡಿದ್ದು, ಖಾಲಿ. ತೂತು ಚುಚ್ಚಿ ಮತ್ತೆ ಹಾಕಿದೆವು, ಮತ್ತೆ ಬಂತು. ಮೂರು ಸಲ ಹಾಗೆ ಮಾಡಿ ಒಂದೇ ಜಾತಿಯ ಫೇಜನ್ನು ಬೇರ್ಪಡಿಸಿಕೊಂಡೆವು.

ಅತ್ತೆಗೆ ಹೇಳಿದೆ. "ಸಂಗಮದ ನೀರಿಗಿಂತ ಗಟಾರದ್ದು ಛಲೋ ಅಂತೀಯೇನವಾ?" ಅಂತ ಮುಖ ಗಂಟಿಕ್ಕಿದರು. ಹೊಲಸು ಇದ್ದಲ್ಲಿ ಕರುಳಿನ ಬ್ಯಾಕ್ಟೀರಿಯಾ ಇರುತ್ತದೆ, ಅದು ಇದ್ದಲ್ಲೇ ಅದರ ಶತ್ರುವೂ ಇರುತ್ತದೆ ಅಂತ ಬಿಡಿಸಿ ಹೇಳಿದೆ. ಒಪ್ಪಿದಂತೆ ಕಾಣಲಿಲ್ಲ. ಗಟಾರದ ಕೆಲಸಕ್ಕೆ ಗ್ಲೌಸು, ಮಾಸ್ಕು ಇಲ್ಲದೆ ನಾವು ಯಾರೂ ಕೈ ಹಾಕುವುದಿಲ್ಲ. ಆದರೂ ಸ್ನಾನ ಆಗದೆ ನನಗೆ ಅಡುಗೆಮನೆಗೆ ಪ್ರವೇಶ ಇಲ್ಲ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಮುಂದಿನದು. ಮ್ಯಾಕ್ಸ್ ಡೆಲ್ಬ್ರುಕ್ ಫಿಸಿಕ್ಸ್ ಓದಿದ ಜರ್ಮನ್ ಮನುಷ್ಯ. ಸಾಲ್ವಡಾರ್ ಲೂರಿಯಾ ಇಟಲಿಯಲ್ಲಿ ಡಾಕ್ಟರಿಕೆ ಓದಿದವರು. ಇಬ್ಬರೂ ಅಮೆರಿಕದಲ್ಲಿ ಸೇರಿ ಫೇಜ್ ಹಿಡಿದುಕೊಂಡು ಜೀವಶಾಸ್ತ್ರದ ಒಂದು ಹಳೆಯ ಜಗಳ ಬಿಡಿಸಿದರು, 1943ರಲ್ಲಿ. ಫೇಜ್ ಸುರಿದರೂ ಸಾಯದ ಒಂದಷ್ಟು ಬ್ಯಾಕ್ಟೀರಿಯಾ ಉಳಿಯುತ್ತವಲ್ಲ, ಅವು ಫೇಜನ್ನು ಕಂಡ ಮೇಲೆ ಗಟ್ಟಿಯಾದವೋ, ಅಥವಾ ಮೊದಲೇ ಗಟ್ಟಿ ಇದ್ದವೋ? ಕಾಲೇಜಿನ ಒಂದು ಡಾನ್ಸ್ ಪಾರ್ಟಿಯಲ್ಲಿ ಸಹೋದ್ಯೋಗಿಯೊಬ್ಬರು ಜೂಜಿನ ಮಷೀನಿಗೆ ಕಾಸು ಹಾಕುವುದನ್ನು ನೋಡಿ ಲೂರಿಯಾಗೆ ದಾರಿ ಹೊಳೆಯಿತಂತೆ. 1969ರಲ್ಲಿ ಇವರಿಬ್ಬರಿಗೂ ಹರ್ಷಿ ಎಂಬುವವರ ಜೊತೆ ನೊಬೆಲ್ ಬಂತು, ಅದೂ ವೈದ್ಯಕೀಯಕ್ಕೆ.

ಅದನ್ನು ನಾವೂ ಮಾಡಿದೆವು. ಹನ್ನೆರಡು ಟ್ಯೂಬುಗಳಲ್ಲಿ ಕೆಲವೇ ಬ್ಯಾಕ್ಟೀರಿಯಾ ಹಾಕಿ ಬೇರೆ ಬೇರೆಯಾಗಿ ಬೆಳೆಸಿದೆವು. ಒಂದು ದೊಡ್ಡ ಫ್ಲಾಸ್ಕಿನಲ್ಲಿ ಎಲ್ಲವನ್ನೂ ಒಟ್ಟಿಗೆ ಬೆಳೆಸಿ ಅದರಿಂದ ಹನ್ನೆರಡು ಪಾಲು ತೆಗೆದೆವು. ಎಲ್ಲದಕ್ಕೂ ಫೇಜ್ ಸುರಿದು, ಬದುಕಿದವನ್ನು ಎಣಿಸಿದೆವು. ಫ್ಲಾಸ್ಕಿನ ಪಾಲುಗಳೆಲ್ಲ ಹೆಚ್ಚುಕಮ್ಮಿ ಒಂದೇ, ಹತ್ತರ ಆಚೆ ಈಚೆ. ಟ್ಯೂಬುಗಳದ್ದು ಬೇರೆಯೇ ಕಥೆ. ಕೆಲವದರಲ್ಲಿ ಸೊನ್ನೆ, ಕೆಲವದರಲ್ಲಿ ಎರಡು ಮೂರು, ಎಂಟನೇ ಟ್ಯೂಬಿನಲ್ಲಿ ನೂರರ ಮೇಲೆ! ಫೇಜ್ ಕಂಡ ಮೇಲೆ ಗಟ್ಟಿಯಾಗಿದ್ದರೆ ಎಲ್ಲ ಟ್ಯೂಬಿನಲ್ಲೂ ಸುಮಾರಾಗಿ ಒಂದೇ ಸಂಖ್ಯೆ ಬರಬೇಕಿತ್ತು. ಎಂಟನೇ ಟ್ಯೂಬಿನಲ್ಲಿ ಫೇಜ್ ಬರುವ ಎಷ್ಟೋ ಮೊದಲೇ ಒಂದು ಬ್ಯಾಕ್ಟೀರಿಯಾ ಅಕಸ್ಮಾತ್ ಬದಲಾಗಿ, ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಹಾಗೇ ಹುಟ್ಟಿದ್ದವು.

ನಾನು ಬೋರ್ಡಿನ ಮೇಲೆ ಸರಾಸರಿ, ವ್ಯತ್ಯಾಸ ಅಂತ ಬರೆಯುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಕಾಕಾ, "ಓಸಿ ಹತ್ತಿದಂಗರಿ ಮೇಡಮ್ಮಾರ, ಓಣಿ ಮಂದಿ ಎಲ್ಲಾ ಕಳಕೋತಾರ, ಒಬ್ಬಾವ ಹೊಡ್ಕೋತಾನ" ಅಂದರು. ಓಸಿ ಅಂದರೆ ನಮ್ಮ ಕಡೆಯ ಮಟ್ಕಾ. ಲೂರಿಯಾಗೆ ಜೂಜಿನ ಮಷೀನು, ಕಾಕಾಗೆ ಓಸಿ. ಅವರಿಗೆ ಇಷ್ಟು ಸ್ಪಷ್ಟವಾಗಿ ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ.

ಅತ್ತೆಯ ರಿಪೋರ್ಟಿನ 'ಆರ್'ಗಳೂ ನನಗೆ ಅವತ್ತು ಬೇರೆ ಥರ ಕಂಡವು. ಔಷಧ ಬ್ಯಾಕ್ಟೀರಿಯಾಕ್ಕೆ ಪಾಠ ಹೇಳಿಕೊಡುವುದಿಲ್ಲ. ಮೊದಲೇ ಅಲ್ಲೊಂದು ಇಲ್ಲೊಂದು ಇದ್ದ ಗಟ್ಟಿ ಬ್ಯಾಕ್ಟೀರಿಯಾಕ್ಕೆ ಜಾಗ ಖಾಲಿ ಮಾಡಿಕೊಡುತ್ತದೆ, ಅಷ್ಟೇ. ನೆಗಡಿಗೆಲ್ಲ ಆಂಟಿಬಯಾಟಿಕ್ ನುಂಗಿದಾಗಲೂ ಇದೇ ಆಗುತ್ತದೆ, ಅಲ್ವಾ? ಫೇಜ್ ಕೂಡ ಇದಕ್ಕೆ ಹೊರತಲ್ಲ. ಅದಕ್ಕೇ ಯಾರಾದರೂ ಫೇಜ್ ಬಂತು, ಇನ್ನು ಚಿಂತೆ ಇಲ್ಲ ಅಂದರೆ ನಾನು ಎಂಟನೇ ಟ್ಯೂಬಿನ ಫೋಟೋ ತೋರಿಸುತ್ತೇನೆ.

ಗೆದ್ದ ಮೇಲೆ ಒಂದು ಪೀಡೆ ಅಂಟಿಕೊಂಡಿತು. ಮುಂದಿನ ಸೆಮಿಸ್ಟರಿನಲ್ಲಿ ಇ. ಕೋಲಿ ಬೆಳೆಯಲೇ ಒಲ್ಲದು. ಸಂಜೆ ಮಬ್ಬಾಗಿದ್ದ ಫ್ಲಾಸ್ಕು ಬೆಳಗ್ಗೆ ತಿಳಿನೀರು. ನಮ್ಮ ಫೇಜೇ ಪಿಪೆಟ್ಟು, ಮೇಜು, ಪ್ಲೇಟುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಎಲ್ಲ ಕಡೆ ಕೂತುಬಿಟ್ಟಿತ್ತು. ಬ್ಲೀಚ್ ನೀರಿನಲ್ಲಿ ಎರಡು ದಿನ ಒರೆಸಿದೆವು. ಈಗ ಫೇಜಿನ ಪಿಪೆಟ್ಟಿಗೆ ಕೆಂಪು ಟೇಪು, ಬ್ಯಾಕ್ಟೀರಿಯಾದ್ದಕ್ಕೆ ಹಸಿರು. ಒಂದರ ಕೆಲಸಕ್ಕೆ ಇನ್ನೊಂದು ಮುಟ್ಟುವ ಹಾಗಿಲ್ಲ.

ಇಷ್ಟರಲ್ಲಿ ಸುದ್ದಿ ಆ ಹುಡುಗಿಯ ಅಪ್ಪನವರೆಗೆ ಹೋಗಿತ್ತು. ಬೀಳಗಿ ಕಡೆ ಅವರದ್ದು ದಾಳಿಂಬೆ ತೋಟ. ಪೇಪರಿನಲ್ಲಿ ಸುತ್ತಿ ನಾಲ್ಕು ಎಲೆ, ಒಂದು ಸೀಳಿದ ಕಾಯಿ ತಂದರು. ಕಪ್ಪು ಚುಕ್ಕೆ, ದುಂಡಾಣು ಅಂಗಮಾರಿ. "ನಿಮ್ಮ ಗಟಾರದ ಔಷಧ ಇದಕ್ಕ ನಡೀತೈತೇನ್ರಿ ಅಕ್ಕಾರ?" ನಡೆಯುವುದಿಲ್ಲ ಅಂದೆ. ನಮ್ಮ ಫೇಜು ಇ. ಕೋಲಿಗೆ ಮೀಸಲು. ಅಂಗಮಾರಿ ತರುವುದು ಜಾಂಥೋಮೋನಾಸ್ ಅನ್ನುವ ಬೇರೆ ಬ್ಯಾಕ್ಟೀರಿಯಾ. ಅದಕ್ಕೆ ಅದರದ್ದೇ ಫೇಜ್ ಬೇಕು, ಅದು ಸಿಗಬೇಕಾದರೆ ಅದೇ ತೋಟದ ಮಣ್ಣಿನಲ್ಲಿ ಹುಡುಕಬೇಕು. ಸಿಕ್ಕರೂ ಎಲೆಯ ಮೇಲೆ ಸಿಂಪಡಿಸಿದ್ದು ಬಿಸಿಲಿನ ಅತಿನೇರಳೆ ಕಿರಣಕ್ಕೆ ಬೇಗ ಸಾಯುತ್ತದೆ, ಸಂಜೆ ಹೊತ್ತು ಹೊಡೆಯಬೇಕಾದೀತು. ಸದ್ಯಕ್ಕೆ ತೋಟಗಾರಿಕೆ ವಿಶ್ವವಿದ್ಯಾಲಯ ಇಲ್ಲೇ ಊರಲ್ಲಿದೆ, ಅಲ್ಲಿ ತೋರಿಸಿ ಅಂತ ಕಳಿಸಿದೆ. ಎಲೆಯನ್ನು ಮಾತ್ರ ಇಟ್ಟುಕೊಂಡೆ. ಮರುವಾರ ಅವರೇ ಗಿಡದ ಬುಡದ ಮಣ್ಣನ್ನು ಡಬ್ಬಿಯಲ್ಲಿ ಕಳಿಸಿದರು.

ಎಲೆಯಿಂದ ಹಳದಿ, ಲೋಳೆಯಂಥ ಕಾಲೊನಿ, ಅಂದರೆ ಬ್ಯಾಕ್ಟೀರಿಯಾದ ಗುಂಪುಗಳು, ಬಂದಿವೆ. ಜಾಂಥೋಮೋನಾಸ್‌ಗೆ 28 ಡಿಗ್ರಿ ಆಸುಪಾಸು ಬೇಕು, ನಮ್ಮ ಇನ್‌ಕ್ಯುಬೇಟರಿಗೆ ಬಿಸಿ ಮಾಡಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಮೇ ತಿಂಗಳಲ್ಲಿ ನಮ್ಮ ಲ್ಯಾಬೇ 39 ಮುಟ್ಟಿತ್ತು. ಮಣ್ಣಿನ ಡಬ್ಬಿ ಫ್ರಿಜ್ಜಿನಲ್ಲಿದೆ, ಮುಚ್ಚಳದ ಮೇಲೆ ಹುಡುಗಿ ತಾರೀಖು ಬರೆದಿದ್ದಾಳೆ. ದಸರಾ ರಜೆ ಮುಗಿದು ಹವೆ ಸ್ವಲ್ಪ ತಣ್ಣಗಾದ ಮೇಲೆ ಪ್ಲೇಟು ಹಾಕುತ್ತೇವೆ.