ಗುಳೆ ಹೋಗುವ ಮನೆಯ ಮಕ್ಕಳು ಊರಲ್ಲೇ ಉಳಿದರು: ನನ್ನ ಅನುಭವ

ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ನಮ್ಮ ಎರಡು ಹಳ್ಳಿಗಳಲ್ಲಿ ಗುಳೆ ಹೋಗುವ, ಅಂದರೆ ಹಂಗಾಮಿನಲ್ಲಿ ಕೂಲಿಗೆಂದು ಊರು ಬಿಡುವ ಮನೆಗಳ ಮಕ್ಕಳು ಐವತ್ತರ ಆಸುಪಾಸು. ಈ ಸಲ ಮಕ್ಕಳನ್ನು ಊರಲ್ಲೇ ಅಜ್ಜಿಯರ ಹತ್ತಿರ ಉಳಿಸಿ, ಅವರ ಊಟದ ಕಾಳುಕಡಿ ನಾವು ಕೊಟ್ಟೆವು. ಅವರಲ್ಲಿ ನಲವತ್ತು ಮಂದಿಯಾದರೂ ಯುಗಾದಿವರೆಗೆ ಶಾಲೆ ಬಿಡಲಿಲ್ಲ. "ಅಜ್ಜಿಯರ ಕೈಗೆ ಕಾಳು ಕೊಟ್ಟರೆ ಮಾರಿಕೊಳ್ಳುತ್ತಾರೆ" ಅಂದವರೇ ಈಗ ಬಂದು ಲೆಕ್ಕದ ಪುಸ್ತಕ ನೋಡಿ ಹೋಗುತ್ತಿದ್ದಾರೆ.

ಮೊದಲು ಎಲ್ಲರಂತೆ ಹಂಗಾಮಿ ವಸತಿ ಕೇಂದ್ರ ನಡೆಸಿದೆವು. ಸಮುದಾಯ ಭವನ, ಅಡುಗೆಯವರು, ಕಾವಲಿನವರು, ಜಮಖಾನೆ, ಟ್ರಂಕು ಎಲ್ಲ ಸೇರಿ ಆರು ತಿಂಗಳಿಗೆ ನಾಲ್ಕು ಲಕ್ಷದ ಹತ್ತಿರ ಹೋಯಿತು. ಉಳಿದವರು ಹದಿನೈದೋ ಹದಿನಾರೋ, ಬಹುತೇಕ ಗಂಡುಹುಡುಗರು. ಹೆಣ್ಣುಮಗಳನ್ನು ರಾತ್ರಿ ಹೊರಗೆ ಮಲಗಿಸಲು ಯಾವ ತಾಯಿಯೂ ಒಪ್ಪಲಿಲ್ಲ. ಮರುವರ್ಷ ಸಂಜೆ ಟ್ಯೂಶನ್. ದೀಪಾವಳಿ ಮುಗಿದು ಮನೆಮಂದಿಯೆಲ್ಲ ಬೆಂಗಳೂರು, ಪುಣೆಯ ಬಸ್ಸು ಹತ್ತಿದ ಮೇಲೆ ಟ್ಯೂಶನ್ನಿಗೆ ಯಾರಿದ್ದರು? ದಾನಿಗಳು ಕೊಟ್ಟ ಬ್ಯಾಗುಗಳೂ ಮಕ್ಕಳ ಜೊತೆ ಕೂಲಿಕಾರರ ಶೆಡ್ಡಿಗೆ ಹೋದವು.

ದಾರಿ ತೋರಿಸಿದ್ದು ಒಬ್ಬ ಅಜ್ಜಿ: "ಮಧ್ಯಾಹ್ನ ಸಾಲ್ಯಾಗ ಉಣ್ತಾವ. ರಾತ್ರಿಗೆ ರೊಟ್ಟಿ ನಾ ಬಡೀತೀನಿ ಯವ್ವಾ, ಬ್ಯಾಳಿ ಎಣ್ಣಿ ಯಾರು ತರಬೇಕು?" 2002ರಲ್ಲಿ ಈ ಭಾಗದಿಂದಲೇ ಶುರುವಾದ ಬಿಸಿಯೂಟ ಶಾಲೆಯ ದಿನದ ಒಂದು ಹೊತ್ತಿನದು. ಮಗುವನ್ನು ಊರು ಬಿಡಿಸುತ್ತಿದ್ದದ್ದು ರಾತ್ರಿಯ ಊಟದ, ರವಿವಾರದ ಊಟದ ಚಿಂತೆ.

ಈಗ ಒಂದು ಮಗುವಿಗೆ ತಿಂಗಳಿಗೆ ಏಳೆಂಟು ಕಿಲೋ ಜೋಳ, ಎರಡು ಕಿಲೋ ತೊಗರಿಬೇಳೆ, ಜೊತೆಗೆ ಎಣ್ಣೆ, ಶೇಂಗಾ, ಬೆಲ್ಲ, ಸಾಬೂನು. ಸಾವಿರ ರೂಪಾಯಿ ದಾಟಿಲ್ಲ. ನಗದು ಕೊಡುವುದೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಹಂಚುವುದು, ಆಗಾಗ ಮನೆಗೆ ಹೋಗಿ ಡಬ್ಬಿ ತೆಗೆದು ನೋಡುವುದು ಊರಿನ ಮಹಿಳಾ ಸಂಘದ ಹೆಂಗಸರು, ನಮ್ಮ ಸಿಬ್ಬಂದಿಯಲ್ಲ. ಜೋಳವನ್ನು ಸುಗ್ಗಿಯಲ್ಲೇ ಕೊಂಡು, ಚೆನ್ನಾಗಿ ಒಣಗಿಸಿ ಬೇವಿನ ಸೊಪ್ಪು ಹಾಕಿ ಇಟ್ಟದ್ದರಿಂದ ಕಿಲೋಗೆ ಏಳೆಂಟು ರೂಪಾಯಿ ಉಳಿಯಿತು. ಅನ್ನಭಾಗ್ಯದ ಅಕ್ಕಿ ಬೇಕಾದರೆ ಅಜ್ಜಿಯ ಹೆಸರು ಮಗುವಿನ ರೇಷನ್ ಕಾರ್ಡಿನಲ್ಲೇ ಇರಬೇಕು, ಆಕೆಯ ಹೆಬ್ಬೆರಳು ರೇಷನ್ ಅಂಗಡಿಯ ಮಷೀನಿಗೆ ಹತ್ತಬೇಕು. ಇದನ್ನು ದಸರೆಗೆ ಮೊದಲೇ ಸರಿಮಾಡಿಸಿ.

ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಾಲ್ಕು ಹುಡುಗಿಯರು ಅಜ್ಜಿಯರ ಮನೆಯ ಕಟ್ಟೆಯ ಮೇಲೆ ಸಂಜೆ ಎರಡು ತಾಸು ಓದಿಸುತ್ತಾರೆ, ತಿಂಗಳಿಗೆ ಎರಡೂವರೆ ಸಾವಿರ. ಅವರಲ್ಲಿ ಇಬ್ಬರು ಈಗ ಡಿ.ಎಡ್ ಸೇರಿದ್ದಾರೆ. ಎಲ್ಲ ಕೂಡಿ ಮೂರು ಲಕ್ಷದೊಳಗೆ ಮುಗಿಯಿತು. ಮಗುವಿಗೆ ಏಳು ಸಾವಿರ ಹಿಡಿಯಿರಿ. ವಸತಿ ಕೇಂದ್ರದಲ್ಲಿ ಇಪ್ಪತ್ತೈದು ಸಾವಿರ ದಾಟಿತ್ತು. ನಮಗೆ ಗೊತ್ತಿರುವಂತೆ ಇಷ್ಟು ಕಡಿಮೆಯಲ್ಲಿ ನಮ್ಮ ಸುತ್ತಮುತ್ತ ಯಾರೂ ಮಾಡಿಲ್ಲ.

ಕೂಲಿಗೆ ಜನರನ್ನು ಕರೆದೊಯ್ಯುವ ಮೇಸ್ತ್ರಿ ಕೊಡುವ ಮುಂಗಡದ ವಿಷಯ ಬೇರೆಯೇ. ಮಗುವಿನ ಕೈಯನ್ನೂ ಲೆಕ್ಕಕ್ಕೆ ಹಿಡಿದು ಮುಂಗಡ ಕೊಟ್ಟಿದ್ದರೆ ಕಾಳು ಕೊಟ್ಟು ಪ್ರಯೋಜನವಿಲ್ಲ. ಅಂಥ ಮನೆಗೆ ಸಂಘದ ಸಾಲವನ್ನು ಯಾವಾಗ, ಯಾರ ಹೆಸರಿಗೆ ಕೊಡುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಮೇಸ್ತ್ರಿಗಳೂ ಓದುತ್ತಾರೆ.

ನಡುವೆ ಕೌದಿ (ಹಳೇ ಬಟ್ಟೆ ಸೇರಿಸಿ ಹೊಲಿದ ಹೊದಿಕೆ) ಮಾರುವ ಕೆಲಸವನ್ನೂ ಹಿಡಿದೆವು. ಅಜ್ಜಿಯರಿಂದ ಹಳೇ ಸೀರೆಯ ಕೌದಿ ಹೊಲಿಸಿ ಹನ್ನೆರಡು ನೂರರಂತೆ ಇಪ್ಪತ್ತರಷ್ಟು ಮಾರಿದೆವು. ಒಂದಕ್ಕೆ ಮೂರು ವಾರ ಹಿಡಿಯುವುದರಿಂದ ಅಜ್ಜಿಗೆ ಕೂಲಿ ಗಿಟ್ಟಲಿಲ್ಲ. ಈಗ ಚಿಕ್ಕ ಮಕ್ಕಳ ಕೌದಿ ಮಾತ್ರ.

ಇನ್ನೂ ಕೈಗೆ ಸಿಗದವರು ಏಳನೇ, ಎಂಟನೇ ಇಯತ್ತೆಯ ಹೆಣ್ಣುಮಕ್ಕಳು. ಅವರು ಊರಲ್ಲೇ ಇರುತ್ತಾರೆ, ಆದರೆ ಹತ್ತಿ ಬಿಡಿಸುವ ಕಾಲದಲ್ಲಿ ಕಿಲೋ ಲೆಕ್ಕದ ಕೂಲಿಗೆ ಹೊಲಕ್ಕೆ ಹೋಗುತ್ತಾರೆ. ಬರುವ ಹಂಗಾಮಿಗೆ ಅವರ ತಾಯಂದಿರನ್ನೇ ಹಂಚಿಕೆಯ ಗುಂಪಿಗೆ ಸೇರಿಸುತ್ತಿದ್ದೇವೆ.