ಸರ್ಕಾರ ಕೋರ್ಟ್ ಆದೇಶ ಪಾಲಿಸದಿದ್ದರೆ: ಜಾರಿ ಅರ್ಜಿಯೋ, ನಿಂದನೆ ಅರ್ಜಿಯೋ?

ಬಾಗಲಕೋಟೆ, ಬೀಳಗಿ, ನಿಡಗುಂದಿ ಕಡೆ ಆಲಮಟ್ಟಿ ಅಣೆಕಟ್ಟಿನ ಮುಳುಗಡೆಗೆ ಜಮೀನು ಕೊಟ್ಟವರು ಹೆಚ್ಚುವರಿ ಪರಿಹಾರದ ಕೇಸು ಗೆದ್ದ ಮೇಲೂ ದುಡ್ಡಿಗೆ ಅಲೆಯುವುದು ಹೊಸದೇನಲ್ಲ. ಸಿಟ್ಟಿಗೆ ಮೊದಲು ಬಾಯಿಗೆ ಬರುವ ಮಾತು ‘ನಿಂದನೆ ಹಾಕ್ರಿ’, ಅಂದರೆ ನ್ಯಾಯಾಂಗ ನಿಂದನೆಯ ಅರ್ಜಿ. ಆದರೆ ಹಣ ಕೊಡಿ ಎಂಬ ಸಿವಿಲ್ ಕೋರ್ಟಿನ ತೀರ್ಪಿಗೆ (ಡಿಕ್ರಿ) ಅದನ್ನು ವಸೂಲು ಮಾಡಿಸುವ ಜಾರಿ ಅರ್ಜಿಯೇ ದಾರಿ. ರಿಟ್‌ನಲ್ಲಿ (ಸರ್ಕಾರದ ಕ್ರಮ ಪ್ರಶ್ನಿಸಿ ಹೈಕೋರ್ಟಿಗೆ ಹಾಕುವ ಅರ್ಜಿ) ಹೈಕೋರ್ಟ್ ಹೇಳಿದ ಕೆಲಸವನ್ನು ಅಧಿಕಾರಿ ಬೇಕಂತಲೇ ಮಾಡದಿದ್ದಾಗ ನಿಂದನೆ ಅರ್ಜಿ.

ಜಾರಿ ಅರ್ಜಿಯನ್ನು ಡಿಕ್ರಿ ಕೊಟ್ಟ ಸಿವಿಲ್ ಕೋರ್ಟಿನಲ್ಲೇ ಹಾಕಬೇಕು. ಅವಧಿ 12 ವರ್ಷ. ಸರ್ಕಾರದ ವಿರುದ್ಧವಾದರೆ ಡಿಕ್ರಿಯಾಗಿ 3 ತಿಂಗಳು ಕಳೆಯುವವರೆಗೆ ಜಾರಿ ಆದೇಶ ಹೊರಡದು (ಸಿವಿಲ್ ಪ್ರಕ್ರಿಯಾ ಸಂಹಿತೆ, ಸಿಪಿಸಿ, ಕಲಂ 82). ಆ 3 ತಿಂಗಳಲ್ಲಿ ಕೈಕಟ್ಟಿ ಕೂರಬೇಡಿ. ಡಿಕ್ರಿಯ ದೃಢೀಕೃತ ಪ್ರತಿ ತೆಗೆಸಿ, ಹೈಕೋರ್ಟಿನಲ್ಲಿ ಕೇವಿಯಟ್ (ನಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿ. ಅದು 90 ದಿನ ಮಾತ್ರ ಜೀವಂತ, ಮುಗಿದರೆ ಹೊಸದು ಹಾಕಬೇಕು. ‘ಮೇಲ್ಮನವಿ ಹಾಕೀವಿ’ ಎಂಬ ಕಚೇರಿಯ ಉತ್ತರಕ್ಕೆ ಬೆಲೆ ಇಲ್ಲ. ತಡೆಯಾಜ್ಞೆ ಸಿಗದ ಹೊರತು ಜಾರಿ ನಿಲ್ಲದು.

ಅರ್ಜಿ ಎಡವುವುದು ಹೆಚ್ಚಾಗಿ ಲೆಕ್ಕದಲ್ಲಿ. 1894ರ ಭೂಸ್ವಾಧೀನ ಕಾಯ್ದೆಯಡಿ ಹೆಚ್ಚುವರಿ ಮೊತ್ತಕ್ಕೆ ಸ್ವಾಧೀನದ ದಿನದಿಂದ ಮೊದಲ ವರ್ಷ ಶೇ 9, ಆಮೇಲೆ ಕೋರ್ಟಿಗೆ ಜಮೆಯಾಗುವವರೆಗೆ ಶೇ 15 ಬಡ್ಡಿ. 4 ಲಕ್ಷ ಹೆಚ್ಚಾಗಿದ್ದರೆ ಮೊದಲ ವರ್ಷ 36,000, ನಂತರ ವರ್ಷಕ್ಕೆ 60,000 ರೂಪಾಯಿ. ಇದು ಸರಳ ಬಡ್ಡಿ. ಚಕ್ರಬಡ್ಡಿ ಹಾಕಿದರೆ ಆಕ್ಷೇಪಣೆ ಖಚಿತ. ಶೇ 30ರ ಸೊಲೇಷಿಯಂ (ಕಡ್ಡಾಯ ಸ್ವಾಧೀನಕ್ಕೆಂದು ಕೊಡುವ ಹೆಚ್ಚಿನ ಮೊತ್ತ) ಮೇಲೂ ಬಡ್ಡಿ ಸಿಗುತ್ತದೆಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ, ಅದನ್ನು ಬಿಡಬೇಡಿ. ಸ್ವಾಧೀನದ ತಾರೀಖು ಅವಾರ್ಡ್ (ಭೂಸ್ವಾಧೀನಾಧಿಕಾರಿಯ ಪರಿಹಾರ ಆದೇಶ), ಪಂಚನಾಮೆಗಳಲ್ಲಿ ಬೇರೆಬೇರೆ ಇದ್ದರೆ ಡಿಕ್ರಿಯಲ್ಲಿ ಇರುವುದನ್ನೇ ಹಿಡಿಯಿರಿ.

ಜಪ್ತಿ ಕೇಳುವಾಗ ‘ಕಚೇರಿಯ ಸಾಮಾನು’ ಎಂದು ಬರೆದರೆ ವಾರಂಟ್ ಹಿಡಿದು ಹೋದ ಅಮೀನರು (ಕೋರ್ಟಿನ ಜಪ್ತಿ ಸಿಬ್ಬಂದಿ) ಬಾಗಿಲಲ್ಲೇ ವಾದ ಕೇಳಬೇಕಾಗುತ್ತದೆ. ಜೀಪಿನ ನೋಂದಣಿ ಸಂಖ್ಯೆ, ಎಷ್ಟು ಕಂಪ್ಯೂಟರ್, ಎಷ್ಟು ಕುರ್ಚಿ, ಎಲ್ಲ ಪಟ್ಟಿ ಮಾಡಿ ಕೊಡಿ. ಬಾಡಿಗೆ ಗಾಡಿ ಸರ್ಕಾರದ್ದಲ್ಲ, ಮೊದಲೇ ನೋಡಿಕೊಳ್ಳಿ. ಕುರ್ಚಿ ಮಾರಿದರೆ ಸಾಲ ತೀರದು ನಿಜ, ಆದರೆ ಜಪ್ತಿಯಾದ ದಿನವೇ ಕಡತ ಓಡುತ್ತದೆ. ಅಧಿಕಾರಿ ಗಡುವು ಕೇಳಿದರೆ ಬಾಯಿಮಾತಿಗೆ ಒಪ್ಪದೆ, ತಾರೀಖು ಹಾಕಿದ ಲಿಖಿತ ಮುಚ್ಚಳಿಕೆ ಮತ್ತು ಒಂದಿಷ್ಟು ಮೊತ್ತದ ಜಮೆ ಕೇಳಿ.

ನಿಂದನೆಯ ದಾರಿಯೇ ಬೇರೆ. ಬೆಳಗಾವಿ, ಬಾಗಲಕೋಟೆಯವರಿಗೆ ಹೈಕೋರ್ಟಿನ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಮೊದಲು ಆದೇಶದ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ‘ಪ್ರತಿ ತಲುಪಿದ ದಿನದಿಂದ’ ಎಂದು ಗಡುವು ಇದ್ದರೆ ಆ ಚೀಟಿ ಇಲ್ಲದೆ ಅದು ಶುರುವಾಗಿದೆ ಎಂದು ತೋರಿಸುವುದು ಕಷ್ಟ. ಗಡುವು ಮುಗಿದ 1 ವರ್ಷದೊಳಗೆ ಅರ್ಜಿ ಹಾಕಬೇಕು. ಹುದ್ದೆಯ ಜೊತೆ ಅಧಿಕಾರಿಯ ಹೆಸರೂ ಬೇಕು, ವರ್ಗವಾಗಿದ್ದರೆ ಈಗ ಇರುವವರದೂ. ಶಿಕ್ಷೆ ಗರಿಷ್ಠ 6 ತಿಂಗಳ ಸಾದಾ ಸಜೆ, ದಂಡ 2,000 ರೂಪಾಯಿ. ಅಧಿಕಾರಿಯನ್ನು ಕೋರ್ಟಿಗೆ ಎಳೆಸುವ ಆಸೆ ಬೇಡ. ಖುದ್ದು ಹಾಜರಿಯನ್ನು ಸುಮ್ಮನೆ ಕೇಳಬಾರದೆಂದು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಸೂಚಿಸಿದೆ.

ಬಹಳ ಮಂದಿ ಮೋಸಹೋಗುವುದು ‘ಮನವಿಯನ್ನು ಪರಿಗಣಿಸಿ’ ಎಂಬ ಆದೇಶದಲ್ಲಿ. ಅಧಿಕಾರಿ ಪರಿಗಣಿಸಿ ತಿರಸ್ಕರಿಸಿದರೂ ಪಾಲನೆ ಆದಂತೆಯೇ. ಆಗ ನಿಂದನೆ ನಿಲ್ಲದು. ಆ ತಿರಸ್ಕಾರದ ಹಿಂಬರಹವನ್ನೇ (ಕಚೇರಿಯ ಲಿಖಿತ ಉತ್ತರ) ಪ್ರಶ್ನಿಸಿ ಹೊಸ ರಿಟ್ ಹಾಕಬೇಕು.