ಹತ್ತು ಸಾವಿರ ಅಂದ್ರೆ ಐದು ಬ್ಯಾಟರಿ ಅಲ್ಲ

ಪವರ್ ಬ್ಯಾಂಕಿನಿಂದ ಕ್ಯಾಮೆರಾ ಬ್ಯಾಟರಿ ಎಷ್ಟು ಸಲ ತುಂಬಬಹುದು ಅಂತ ಮೊದಲ ಸಲ ಲೆಕ್ಕ ಹಾಕಿದ್ದು ಶಿವಮೊಗ್ಗದ ನಮ್ಮ ಮನೆಯಲ್ಲಿ, ಬ್ಯಾಗ್ ತುಂಬಿಸುತ್ತಾ. ಪವರ್ ಬ್ಯಾಂಕ್ ಮೇಲೆ 10,000 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಅಂತ ಬರೆದಿತ್ತು. ಕ್ಯಾಮೆರಾ ಬ್ಯಾಟರಿ ಮೇಲೆ 1,900 ಎಂಎಎಚ್. ಭಾಗಿಸಿದರೆ ಐದಕ್ಕಿಂತ ಜಾಸ್ತಿ ಬಂತು. ಕೈಯಲ್ಲಿ ತುಂಬಿದ ಬ್ಯಾಟರಿ ಎರಡು, ಮೇಲೆ ಐದು ಸಲ ಚಾರ್ಜ್. ನಾಲ್ಕು ರಾತ್ರಿಗೆ ಧಾರಾಳ ಅಂದುಕೊಂಡು ತುಮರಿ ಕಡೆಯ ಅತ್ತೆ ಮನೆಗೆ ಹೊರಟೆ. ಜುಲೈ ತಿಂಗಳು. ಅವರ ತೋಟದ ಕೆರೆ ದಂಡೆಯಲ್ಲಿ ಹಸಿರು ಹಾರುವ ಕಪ್ಪೆಗಳು ನೊರೆಗೂಡು ಕಟ್ಟುವ ಕಾಲ.

ಹೋದ ದಿನ ಸಂಜೆಯೇ ಕರೆಂಟ್ ಹೋಯಿತು. ಎಲ್ಲೋ ಮರ ಬಿದ್ದು ತಂತಿ ತುಂಡಾಗಿತ್ತು. "ಇನ್ನು ಮೂರ್ನಾಲ್ಕು ದಿನ ಅದರ ಸುದ್ದಿ ಬೇಡ ಮಾರಾಯ" ಅಂದರು ಅತ್ತೆ. ಲಿಂಗನಮಕ್ಕಿ ಹಿನ್ನೀರು ಅವರ ತೋಟದ ಬೇಲಿಯಾಚೆಗೇ ಕಾಣುತ್ತದೆ. "ನಮ್ಮ ನೀರಲ್ಲೇ ಊರಿಗೆಲ್ಲ ಕರೆಂಟು, ನಮ್ಮನೇಲಿ ಬುಡ್ಡಿ ದೀಪ" ಅಂದರು. 1964ರಲ್ಲಿ ಅಣೆಕಟ್ಟು ಎದ್ದ ಮೇಲೆ ಆ ಕಡೆಯವರ ಬಾಯಲ್ಲಿ ಉಳಿದ ನೋವು ಅದು.

ಎರಡನೇ ರಾತ್ರಿ ಎರಡೂ ಬ್ಯಾಟರಿ ಖಾಲಿಯಾದವು. ಚಾರ್ಜ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಪವರ್ ಬ್ಯಾಂಕಿನ ನಾಲ್ಕೂ ಚುಕ್ಕೆ ಆರಿದ್ದವು. ಎರಡನೇ ಬ್ಯಾಟರಿ ಅರ್ಧ ಮಾತ್ರ ತುಂಬಿತ್ತು. ತಲೆಗೆ ಕಟ್ಟುವ ಟಾರ್ಚನ್ನೂ ಅದೇ ಬ್ಯಾಂಕಿನಿಂದ ತುಂಬಿಸಿಕೊಂಡಿದ್ದೆ, ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾಲ್ಕನೇ ರಾತ್ರಿ ಕೆರೆಗೆ ಬಾಗಿದ ಕೊಂಬೆಯ ಮೇಲೆ ಹೆಣ್ಣು ಕಪ್ಪೆ ಹಿಂಗಾಲಿನಿಂದ ನೊರೆ ಕಡೆಯುತ್ತಿತ್ತು, ಮಜ್ಜಿಗೆ ಕಡೆದ ಹಾಗೆ. ಕಾಲಿನ ಕೆಂಪು ಪೊರೆ ಟಾರ್ಚ್ ಬೆಳಕಿಗೆ ಹೊಳೆಯುತ್ತಿತ್ತು. ನನ್ನ ಕ್ಯಾಮೆರಾ ಆಫ್. ಆ ಹೊತ್ತಿನ ಸಂಕಟ ಇವತ್ತಿಗೂ ಹಾಗೇ ಇದೆ.

ತಪ್ಪು ಇದ್ದದ್ದು ಆ ಭಾಗಾಕಾರದಲ್ಲಿ. ಬರೀ ಎಂಎಎಚ್ ನೋಡುವುದು ಅಂದರೆ ಅಡಿಕೆ ಮಂಡಿಯಲ್ಲಿ ಮೂಟೆ ಎಣಿಸಿ ತೂಕ ಬಿಟ್ಟ ಹಾಗೆ. ವೋಲ್ಟೇಜನ್ನೂ ಸೇರಿಸಬೇಕು. ಪವರ್ ಬ್ಯಾಂಕ್ ಒಳಗಿನ ಸೆಲ್ 3.7 ವೋಲ್ಟಿನದು. 10,000 ಎಂಎಎಚ್ ಅಂದರೆ 10 ಆಂಪಿಯರ್-ಗಂಟೆ. ಅದನ್ನು 3.7ರಿಂದ ಗುಣಿಸಿದರೆ 37 ವ್ಯಾಟ್-ಗಂಟೆ, ಒಳಗಿರುವ ಒಟ್ಟು ಶಕ್ತಿ ಅದು. ನನ್ನದು ನಿಕಾನ್‌ನ ಇಎನ್-ಇಎಲ್15 ಬ್ಯಾಟರಿ, 7 ವೋಲ್ಟ್, ಮೈಮೇಲೆ 14 ವ್ಯಾಟ್-ಗಂಟೆ ಅಂತಲೇ ಬರೆದಿದೆ. 37ನ್ನು 14ರಿಂದ ಭಾಗಿಸಿದರೆ ಎರಡೂವರೆ ಚಿಲ್ಲರೆ. ಅದೂ ಪೂರ್ತಿ ಸಿಗುವುದಿಲ್ಲ. ಪವರ್ ಬ್ಯಾಂಕ್ ತನ್ನ 3.7 ವೋಲ್ಟನ್ನು 5ಕ್ಕೆ ಏರಿಸಬೇಕು. ಬ್ಯಾಟರಿಯೊಳಗೆ ಎರಡು ಸೆಲ್ ಸಾಲಾಗಿ ಇರುವುದರಿಂದ ಯುಎಸ್‌ಬಿ ಚಾರ್ಜರ್ ಆ 5ನ್ನು ಮತ್ತೆ 8.4ರವರೆಗೆ ಏರಿಸಬೇಕು. ಎರಡೂ ಕಡೆ ಸೋರಿಕೆ. ಚಾರ್ಜರ್ ಮುಟ್ಟಿದಾಗ ಬೆಚ್ಚಗಿರುತ್ತದಲ್ಲ, ಸೋರಿದ್ದು ಅಲ್ಲಿಗೆ ಹೋಗಿರುತ್ತದೆ. ಕೊನೆಗೆ ನನ್ನ ಕೈಗೆ ಸಿಕ್ಕಿದ್ದು ಎರಡು ಬ್ಯಾಟರಿಗೂ ಸ್ವಲ್ಪ ಕಡಿಮೆ.

ಈಗ 20,000ದ್ದು ಒಂದು ಇಟ್ಟುಕೊಂಡಿದ್ದೇನೆ. 74 ವ್ಯಾಟ್-ಗಂಟೆ, ಹತ್ತಿರ ಹತ್ತಿರ ನಾಲ್ಕು ಬ್ಯಾಟರಿಗೆ ಆಗುತ್ತದೆ. 100 ವ್ಯಾಟ್-ಗಂಟೆಯ ಒಳಗೆ ಇರುವುದರಿಂದ ವಿಮಾನದಲ್ಲೂ ಕೈಚೀಲದಲ್ಲಿ ಒಯ್ಯಬಹುದು. ಟಾರ್ಚ್, ಮೊಬೈಲ್‌ಗೆ ಹಳೆಯ 10,000ದ್ದೇ ಬೇರೆ. ಎರಡನ್ನೂ ಕಲೆಸುವುದಿಲ್ಲ.

ಚಾರ್ಜರ್ ಎರಡು ಬ್ಯಾಟರಿ ಕೂರುವ ಯುಎಸ್‌ಬಿ ಚಾರ್ಜರ್. ಕ್ಯಾಮೆರಾದೊಳಗೇ ಚಾರ್ಜ್ ಮಾಡುವುದು ಮಳೆಗಾಲದಲ್ಲಿ ನನಗೆ ಸರಿ ಕಾಣುವುದಿಲ್ಲ. ಗಂಟೆಗಟ್ಟಲೆ ಪೋರ್ಟಿನ ರಬ್ಬರ್ ಮುಚ್ಚಳ ತೆರೆದಿರಬೇಕು, ಕ್ಯಾಮೆರಾ ಕಟ್ಟಿಹಾಕಿದ ಹಾಗಾಗುತ್ತದೆ. ಎಲ್ಲ ಬ್ಯಾಟರಿ ಒಳಗೆ ಚಾರ್ಜ್ ಆಗುವುದೂ ಇಲ್ಲ. ಗೆಳೆಯನ ನಿಕಾನ್ ಝೆಡ್6 ನನ್ನ ಹಳೆಯ ಇಎನ್-ಇಎಲ್15ನ್ನು ಬಳಸಿಕೊಳ್ಳುತ್ತದೆ, ಆದರೆ ಚಾರ್ಜ್ ಮಾಡುವುದಿಲ್ಲ. ಅದಕ್ಕೆ ಅದೇ ಬ್ಯಾಟರಿಯ ಹೊಸ ರೂಪಗಳಾದ 15ಬಿ ಅಥವಾ 15ಸಿ ಬೇಕು.

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ತೆಳ್ಳಗಿನ ಉದ್ದ ಕೇಬಲ್‌ನಲ್ಲಿ 5 ವೋಲ್ಟ್ ದಾರಿಯಲ್ಲೇ ಇಳಿಯುತ್ತದೆ. ಚಾರ್ಜರ್ ದೀಪ ಮಿಣಮಿಣ ಅನ್ನುತ್ತದೆ, ಬ್ಯಾಟರಿ ತುಂಬುವುದಿಲ್ಲ. ಚಾರ್ಜರ್ ಕೆಟ್ಟಿದೆ ಅಂತ ಸುಮ್ನೆ ಹೊಸದು ತಂದವರನ್ನು ನೋಡಿದ್ದೇನೆ. ಒಂದು ಮೊಳದ ದಪ್ಪ ಕೇಬಲ್ ಸಾಕು.

ಇನ್ನೊಂದು ತೊಂದರೆ ಅರ್ಥವಾಗಲು ಎರಡು ಪ್ರವಾಸ ಬೇಕಾಯಿತು. ಬ್ಯಾಟರಿ ತುಂಬುತ್ತಾ ಬಂದ ಹಾಗೆ ಎಳೆಯುವ ಕರೆಂಟ್ ಕಡಿಮೆಯಾಗುತ್ತದೆ. ಆಗ ಕೆಲವು ಪವರ್ ಬ್ಯಾಂಕ್‌ಗಳು ಏನೂ ಸಿಕ್ಕಿಸಿಲ್ಲ ಅಂದುಕೊಂಡು ತಾವೇ ಆಫ್ ಆಗುತ್ತವೆ. ಬ್ಯಾಟರಿಗೆ ಕೆಡುಕಿಲ್ಲ, ಕೊನೆಯ ಸ್ವಲ್ಪ ತುಂಬದೆ ಉಳಿಯುತ್ತದೆ ಅಷ್ಟೇ. ಅದಕ್ಕೇ ಎರಡೂ ಖಾಲಿಯಾದ ಬ್ಯಾಟರಿಗಳನ್ನೇ ಜೋಡಿ ಮಾಡಿ ಹಾಕುತ್ತೇನೆ.

ಸೋಲಾರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಹೊತ್ತುಕೊಂಡು ಹೋಗಬೇಡಿ. ಡಿಸೆಂಬರ್‌ನಲ್ಲಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅತ್ತೆ ಮನೆಯ ಅಂಗಳದಲ್ಲಿ ಅಡಿಕೆ ಹರವಿದ್ದರು, ಅದರ ಮೂಲೆಯಲ್ಲೇ ಮಡಚುವ ಪ್ಯಾನೆಲ್ ಬಿಡಿಸಿದೆ. ಅವರು ಅಡಿಕೆ ಕೆದಕಲು ಬಂದಾಗೆಲ್ಲ ನಾನು ಪ್ಯಾನೆಲ್ ಬಿಸಿಲಿಗೆ ತಿರುಗಿಸುತ್ತಿದ್ದೆ. ಒಂದು ಅಡಿಕೆ ಸೋಗೆಯ ನೆರಳು ಬಿದ್ದರೂ ಸಾಕು, ಚಾರ್ಜ್ ಪೂರಾ ಕುಸಿಯುತ್ತದೆ. ಪ್ಯಾನೆಲ್‌ನಿಂದ ಪವರ್ ಬ್ಯಾಂಕ್ ತುಂಬಿಸಿ, ರಾತ್ರಿ ಅದರಿಂದ ಕ್ಯಾಮೆರಾ ಬ್ಯಾಟರಿ. ನೇರ ಕೊಟ್ಟರೆ ಮೋಡ ಬಂದಾಗೆಲ್ಲ ನಿಂತು ನಿಂತು ಶುರುವಾಗುತ್ತದೆ.

ಮಳೆಗಾಲದಲ್ಲಿ ನನ್ನ ನಂಬಿಕೆ ಕಾರಿನ ಮೇಲೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿಲೋಮೀಟರ್, ಆಗುಂಬೆ ಇನ್ನೂ ಮುಂದೆ. ಆ ಎರಡು ಗಂಟೆ ದಾರಿಯನ್ನು ದಂಡ ಮಾಡುವುದಿಲ್ಲ. ಸ್ಟೀರಿಯೋ ಪಕ್ಕದ ಯುಎಸ್‌ಬಿ ತುಂಬಾ ನಿಧಾನ, 12 ವೋಲ್ಟ್ ಸಾಕೆಟ್‌ಗೆ ಒಳ್ಳೆಯ ಅಡಾಪ್ಟರ್ ಹಾಕಿದರೆ ಆಗುಂಬೆ ಮುಟ್ಟುವ ಹೊತ್ತಿಗೆ ಒಂದು ಬ್ಯಾಟರಿ ಬಹುಪಾಲು ತುಂಬಿರುತ್ತದೆ.

ಒದ್ದೆಯ ವಿಷಯ ಹೇಳಲೇಬೇಕು. ಆ ಮೊದಲ ಸಲ ನೆನೆದು ಬಂದಾಗ ಅತ್ತೆ, "ಆ ಚೀಲ ಬಚ್ಚಲ ಒಲೆ ಮೇಲೆ ನೇತು ಹಾಕು, ಕಂಬಳಿ ಜೊತೆ ಒಣಗ್ತದೆ" ಅಂದರು. ಚೀಲ ಹಾಕಿದೆ, ಬ್ಯಾಟರಿ ತೆಗೆದಿಟ್ಟುಕೊಂಡೆ. ಲಿಥಿಯಂ ಬ್ಯಾಟರಿಗೆ ಒಲೆ ಬಿಸಿ ಆಗದು. ಅವರದೇ ಹಳೆಯ ಸ್ಟೀಲ್ ಡಬ್ಬಿ ಈಗ ನನ್ನ ಬ್ಯಾಗಿನಲ್ಲಿದೆ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಚಾರ್ಜ್ ಆಗುವಾಗ ಮಾತ್ರ ಎಲ್ಲ ಹೊರಗೆ, ಗಾಳಿಯಾಡುವ ಮಣೆಯ ಮೇಲೆ. ಹಾಕುವ ಮೊದಲು ಬ್ಯಾಟರಿಯ ತಾಮ್ರಬಣ್ಣದ ಪಟ್ಟಿಗಳನ್ನು ಒಣ ಹತ್ತಿ ಬಟ್ಟೆಯಿಂದ ಒರೆಸುತ್ತೇನೆ. ಮೈ ಉಬ್ಬಿದ ಬ್ಯಾಟರಿ ಕಂಡರೆ ಆವತ್ತೇ ಕೈಬಿಡುತ್ತೇನೆ.

ತುಂಬಿದ ಬ್ಯಾಟರಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತುತ್ತೇನೆ. ಖಾಲಿಯಾದದ್ದಕ್ಕೆ ಇಲ್ಲ. ಕೆರೆ ದಂಡೆಯಲ್ಲಿ ಟಾರ್ಚ್ ಆರಿಸಿ ಕೂತಾಗ, ಕಾಲಿಗೆ ಇಂಬಳ ಹತ್ತುತ್ತಿರುವಾಗ, ಜೇಬಿಗೆ ಕೈ ಹಾಕಿದರೆ ಬೆರಳಿಗೇ ಗೊತ್ತಾಗುತ್ತದೆ.